ಗೆದ್ದವ ಸೋತ

ಟಿವಿ ಚರ್ಚೆಯೊಂದರಲ್ಲಿ ಒಬ್ಬರು, ‘ಬುಷ್ ಮೂರೇ ವಾರದಲ್ಲಿ ಇರಾಕ್ ಯುದ್ಧ ವಿನ್ ಆದರು’ ಎಂದರು. ‘ಗೆದ್ದರು’ ಎನ್ನುವುದಕ್ಕೆ ಏನು ಕಷ್ಟವಿತ್ತು? ಈಗ ಮಕ್ಕಳೂ ವಿನ್ ಆಗುತ್ತಾರೆ, ಪಕ್ಷಗಳೂ ವಿನ್ ಆಗುತ್ತವೆ. ವಿನ್ ಆಗುವುದು ಆ ಕ್ಷಣಕ್ಕೇ ಮುಗಿಯುತ್ತದೆ. ಗೆಲುವು ಹಾಗಲ್ಲ. ಜ್ವರ ಬಿಟ್ಟ ಮಗು ಗಂಜಿ ಕುಡಿದು ಅಂಗಳಕ್ಕೆ ಓಡಿದರೆ ‘ಇವತ್ತು ಗೆಲುವಾಗಿದೆ’ ಎನ್ನುತ್ತೇವಲ್ಲ, ಈ ಮಾತು ನನಗೆ ಹೆಚ್ಚು ಹತ್ತಿರವಾಗುವುದು ಅಲ್ಲೇ. 

2003ರ ಮೇ 1ರಂದು ಕ್ಯಾಲಿಫೋರ್ನಿಯಾ ಕರಾವಳಿಯಾಚೆ, ಅಬ್ರಹಾಂ ಲಿಂಕನ್ ಯುದ್ಧನೌಕೆಯ ಮೇಲೆ ಅಮೆರಿಕದ ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಮಾತಾಡಿದಾಗ ಹಿಂದೆ ದೊಡ್ಡ ಬ್ಯಾನರು: ‘ಮಿಷನ್ ಅಕಾಂಪ್ಲಿಶ್ಡ್’, ಕೆಲಸ ಮುಗಿಯಿತು. ಬಾಗ್ದಾದ್ ಏಪ್ರಿಲ್ 9ಕ್ಕೇ ಬಿದ್ದಿತ್ತು. ಯಾವುದರ ಹೆಸರಿನಲ್ಲಿ ದಂಡೆತ್ತಿ ಹೋದರೋ ಆ ಸಮೂಹನಾಶಕ ಅಸ್ತ್ರಗಳ ದಾಸ್ತಾನು ಮಾತ್ರ ಸಿಗಲೇ ಇಲ್ಲ. ದೇಶದ ಭದ್ರತೆಯ ಮಾತು ಹೇಳಿಯೇ ಬುಷ್ ಸರ್ಕಾರ ಜನರನ್ನು ಒಪ್ಪಿಸಿತ್ತು.

ಇಂಥ ಗೆಲುವು ಕಂಡಾಗ, ನಮ್ಮ ಕಡೆ ಜಮೀನಿನ ವ್ಯಾಜ್ಯಕ್ಕೆ ಹೊರಟವರಿಗೆ ಹಿರಿಯರು ಹೇಳುತ್ತಿದ್ದ ಗಾದೆ ನೆನಪಾಗುತ್ತದೆ: ಗೆದ್ದವ ಸೋತ, ಸೋತವ ಸತ್ತ. ಎರಡು ಗುಂಟೆ ಬದುವಿಗಾಗಿ ಅಣ್ಣತಮ್ಮಂದಿರು ಮುನ್ಸೀಫ್ ಕೋರ್ಟಿನಿಂದ ಹೈಕೋರ್ಟಿಗೆ ಅಲೆಯುವುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಡಿಕ್ರಿ ಆದವನ ಮನೆಯಲ್ಲಿ ಎತ್ತು ಉಳಿದಿರಲಿಲ್ಲ, ಹೆಂಡತಿಯ ಕೊರಳಲ್ಲಿ ಸರ ಉಳಿದಿರಲಿಲ್ಲ. ತೀರ್ಪಿನ ಕಾಗದ ಇತ್ತು. ಬದು ಅವನದಾಯಿತು, ಅದರ ಮೇಲೆ ನಡೆದು ಬರುವ ತಮ್ಮ ಇಲ್ಲವಾದ. ಗೆದ್ದವನನ್ನು ‘ಸೋತ’ ಎಂದು ಕರೆಯುವ ಧೈರ್ಯ ಆ ಗಾದೆಗಿದೆ, ಅದಕ್ಕೇ ಅದು ನನಗೆ ಇಷ್ಟ.

ಇರಾಕಿನಲ್ಲೂ ಹಾಗೇ ಆಯಿತು: ಸೋತ ಸರ್ವಾಧಿಕಾರಿ ಸದ್ದಾಂ ಹುಸೇನ್ 2006ರ ಡಿಸೆಂಬರಿನಲ್ಲಿ ನೇಣಿಗೇರಿದ. ಗೆದ್ದ ಅಮೆರಿಕದ ಕಡೆ 2011ರೊಳಗೆ ಸುಮಾರು ನಾಲ್ಕೂವರೆ ಸಾವಿರ ಸೈನಿಕರು ಸತ್ತರು. ಆದರೆ ವ್ಯಾಜ್ಯದಲ್ಲಿ ಇರುವವರು ಇಬ್ಬರೇ. ಯುದ್ಧದಲ್ಲಿ ಮೂರನೆಯವನೂ ಇದ್ದಾನೆ, ಗಾದೆಯಲ್ಲಿ ಅವನಿಗೆ ಜಾಗವಿಲ್ಲ. ಲಕ್ಷಕ್ಕೂ ಮಿಕ್ಕಿ ಸತ್ತ ಇರಾಕಿ ನಾಗರಿಕರು ಯಾರ ಮೇಲೂ ದಾವೆ ಹೂಡಿದವರಲ್ಲ.

ಗೆಲುವು ಹೀಗೆ ದುಬಾರಿಯಾಗುತ್ತದೆ ಎಂದು ಮೊದಲೇ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅಮೆರಿಕದ ಭೂಸೇನೆಯ ಆಗಿನ ಮುಖ್ಯಸ್ಥ ಎರಿಕ್ ಶಿನ್ಸೆಕಿ, ಬಾಗ್ದಾದ್ ಬಿದ್ದ ಮೇಲೆ ದೇಶ ಹಿಡಿದಿಡಲು ಹಲವು ಲಕ್ಷ ಸೈನಿಕರು ಬೇಕಾದೀತು ಎಂದು ಯುದ್ಧಕ್ಕೆ ಮುಂಚೆಯೇ ಸಂಸತ್ತಿನಲ್ಲಿ ಹೇಳಿದ್ದರು. ರಕ್ಷಣಾ ಇಲಾಖೆಯ ಪಾಲ್ ವುಲ್ಫೊವಿಟ್ಜ್ ಆ ಲೆಕ್ಕವನ್ನು ಬಹಿರಂಗವಾಗಿಯೇ ತಳ್ಳಿಹಾಕಿದರು. ಬ್ಯಾನರು ಕಟ್ಟಿದ ಆ ಮೇ ತಿಂಗಳಲ್ಲೇ ಇರಾಕಿನ ಆಡಳಿತಕ್ಕೆ ಅಮೆರಿಕ ನೇಮಿಸಿದ್ದ ಪಾಲ್ ಬ್ರೆಮರ್ ಅಲ್ಲಿನ ಸೇನೆಯನ್ನು ವಿಸರ್ಜಿಸಿದರು. ಲಕ್ಷಗಟ್ಟಲೆ ಜನ, ಬಂದೂಕು ಹಿಡಿಯಬಲ್ಲವರು, ಸಂಬಳವಿಲ್ಲದೆ ಬೀದಿಗೆ ಬಿದ್ದರು. ಆ ಸಿಟ್ಟಿನ ಬೆಳೆಯನ್ನು 2014ರಲ್ಲಿ ಇರಾಕಿನ ಮೊಸುಲ್ ನಗರ ಉಂಡಿತು. ಐಸಿಸ್ ಉಗ್ರರು ಆ ನಗರವನ್ನು ಹಿಡಿದ ಮೇಲೆ, ಹೊರಟುಹೋಗಿದ್ದ ಅಮೆರಿಕದ ಪಡೆಗಳು ಮತ್ತೆ ಇರಾಕಿಗೆ ಬರಬೇಕಾಯಿತು.