ಸಿಸಿ ಜಾಸ್ತಿಯಾದ್ರೆ ಬೆನ್ನಿಗೆ ಸುಖವಾ?

ನೂರು ಸಿಸಿ ಬೈಕಲ್ಲಿ ಆಫೀಸಿಗೆ ಓಡಾಡಿಕೊಂಡಿದ್ದವರಿಗೆ ಇದ್ದಕ್ಕಿದ್ದ ಹಾಗೆ ಒಂದು ದಿನ ಚಿಕ್ಕಮಗಳೂರು, ಆಗುಂಬೆ, ಗೋಕರ್ಣ ಎಲ್ಲಾ ಕರೆಯೋಕೆ ಶುರು ಮಾಡತ್ತೆ. ಆಮೇಲೆ ಇದ್ದೇ ಇದೆಯಲ್ಲ, "ದೊಡ್ಡ ಗಾಡಿ ಯಾವುದು ತಗೊಳ್ಳೋದು?" ಅನ್ನೋ ತಲೆನೋವು. ಎಲ್ಲರೂ ಮೊದಲು ನೋಡೋದು ಸಿಸಿ. ನಮ್ಮ ದೇಶದ ಬೈಕುಗಳ ಚರಿತ್ರೆ ಸ್ವಲ್ಪ ಕೆದಕಿ ನೋಡಿದರೆ ಮಾತ್ರ ಬೇರೆಯೇ ಉತ್ತರ ಸಿಗತ್ತೆ.

ಒಂದು ವಿಚಿತ್ರ ನೋಡಿ. ದೂರ ಪ್ರಯಾಣಕ್ಕೆ ಅಂತಲೇ ಮಾಡಿದ ಬೈಕು ನಮ್ಮಲ್ಲಿ ಬಹಳ ವರ್ಷ ಇರಲೇ ಇಲ್ಲ. ಬುಲೆಟ್ ಇಲ್ಲಿ ಬೇರು ಬಿಟ್ಟಿದ್ದು ಸೇನೆಯ ದೆಸೆಯಿಂದ. ಗಡಿ ಕಾಯುವ ಕೆಲಸಕ್ಕೆ 800 ಬುಲೆಟ್‌ಗಳಿಗೆ ಆರ್ಡರ್ ಹೋಯಿತು. 1955ರಲ್ಲಿ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಮತ್ತು ಮದ್ರಾಸ್ ಮೋಟರ್ಸ್ ಸೇರಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. 346 ಸಿಸಿ, ಶಕ್ತಿ 18 ಬಿಎಚ್‌ಪಿ. ಸಿಲಿಂಡರಿನ ಅಗಲ 70 ಮಿ.ಮೀ., ಪಿಸ್ಟನ್ ಓಡಾಡುವ ದೂರ 90 ಮಿ.ಮೀ. ಇಂಥ ಎಂಜಿನ್ ಕಡಿಮೆ ವೇಗದಲ್ಲೇ ಚೆನ್ನಾಗಿ ಎಳೆಯತ್ತೆ, ಪದೇ ಪದೇ ಗೇರ್ ಬದಲಿಸಬೇಕಿಲ್ಲ. ನೆಟ್ಟಗೆ ಕೂತು 60-70ರಲ್ಲಿ ದಿನವಿಡೀ ಹೋಗಬಹುದು. 80 ದಾಟಿಸಿದರೆ ಕೈ, ಕಾಲು, ಕನ್ನಡಿ ಎಲ್ಲಾ ನಡುಗೋಕೆ ಶುರು!

ಇನ್ನೊಂದು ಕಡೆ ನಮ್ಮ ಮೈಸೂರಿನ ಐಡಿಯಲ್ ಜಾವಾ. 1960ರ ದಶಕದ ಮೊದಲಲ್ಲಿ ಜೆಕೊಸ್ಲೊವಾಕಿಯಾದ ಲೈಸೆನ್ಸ್ ಮೇಲೆ ಶುರುವಾಗಿದ್ದು. ಕಿಕ್ಕರ್ ಅನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್. ಆಮೇಲೆ ಬಂದ ಯೆಜ್ಡಿಗಳಲ್ಲೊಂದರ ಹೆಸರೇ ರೋಡ್‌ಕಿಂಗ್. ಬುಲೆಟ್‌ಗಿಂತ ಹಗುರ, ಚುರುಕು. ಆದರೆ ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲ್ ಕುಡಿಯೋದು ಜಾಸ್ತಿ. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ಇಡೀ ದೇಶವೇ ಮೈಲೇಜಿನ ಹಿಂದೆ ಬಿತ್ತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು.

ಮತ್ತೆ ದೊಡ್ಡ ಬೈಕಿನ ಆಸೆ ಹುಟ್ಟಿಸಿದ್ದು 2001ರ ಪಲ್ಸರ್. ನನ್ನ ಪ್ರಕಾರ ನಿಜವಾದ ಪಾಠ ಇರೋದು ಅದರ ನಂತರದ ಎರಡು ಗಾಡಿಗಳಲ್ಲಿ. 2003ರ ಕರಿಜ್ಮಾ 223 ಸಿಸಿ, ಸುಮಾರು 17 ಬಿಎಚ್‌ಪಿ. ಅಂದರೆ ಬುಲೆಟ್‌ನ ಮೂರನೇ ಎರಡರಷ್ಟು ಸಿಸಿಯಲ್ಲೇ ಹತ್ತಿರ ಹತ್ತಿರ ಅಷ್ಟೇ ಶಕ್ತಿ. ಎದೆಗೆ ಬಡಿಯುವ ಗಾಳಿ ತಡೆಯೋಕೆ ಮುಂದೆ ಫೇರಿಂಗ್, 15 ಲೀಟರಿನ ಟ್ಯಾಂಕು. 2005ರ ಅವೆಂಜರ್ ಇನ್ನೊಂದು ದಾರಿ ಹಿಡಿಯಿತು. ತಗ್ಗಿನ ಸೀಟು, ಕಾಲು ಮುಂದಕ್ಕೆ ಚಾಚಿ ಕೂರೋದು. ಶೋರೂಮಿನಲ್ಲಿ ಕೂತರೆ ಸೋಫಾ! ಆದರೆ ಕಾಲು ಮುಂದಿದ್ದರೆ ಮೈಭಾರವೆಲ್ಲ ಬೆನ್ನುಮೂಳೆಯ ಬುಡಕ್ಕೆ. ಹಂಪು ಬಂದಾಗ ಪೆಗ್ ಮೇಲೆ ಏಳೋದೂ ಕಷ್ಟ, ಏಟು ನೇರ ಸೊಂಟಕ್ಕೆ. ಒಳ್ಳೇ ಹೆದ್ದಾರಿಯಲ್ಲಿ ಸುಖ ಕೊಟ್ಟ ಭಂಗಿಯೇ ಘಾಟಿಯಲ್ಲಿ ಶಿಕ್ಷೆ.

2016ರ ಹಿಮಾಲಯನ್‌ನಲ್ಲಿ ಲೆಕ್ಕವೇ ಬೇರೆ. 411 ಸಿಸಿಗೆ ಬರೀ 24.5 ಬಿಎಚ್‌ಪಿ. ಕಾಗದದ ಮೇಲೆ ಸಪ್ಪೆ. ಆದರೆ ನಡುಕ ತಗ್ಗಿಸೋಕೆ ಬ್ಯಾಲೆನ್ಸರ್ ಶಾಫ್ಟ್, 200 ಮಿ.ಮೀ. ಇಳಿದೇಳುವ ಮುಂದಿನ ಸಸ್ಪೆನ್ಷನ್, ನೆಟ್ಟಗೆ ಕೂರುವ ಭಂಗಿ. 2023ರಲ್ಲಿ 452 ಸಿಸಿಯದ್ದು ಅದರ ಜಾಗಕ್ಕೆ ಬಂತು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನ್ಸೋದು, ಆರಾಮ ಅನ್ನೋದು ಭಂಗಿ, ನಡುಕ, ಗಾಳಿ, ಸಸ್ಪೆನ್ಷನ್ ಈ ನಾಲ್ಕರ ಲೆಕ್ಕ. ಸಿಸಿ ಆಮೇಲೆ. 110 ಕೆಜಿ ಗಾಡಿಯಿಂದ 190 ಕೆಜಿ ಗಾಡಿಗೆ ಹೋಗುವವರು ನಿಂತ ಗಾಡಿಯನ್ನು ಕೈಯಲ್ಲಿ ಹಿಂದಕ್ಕೆ ತಳ್ಳಿಯೂ ನೋಡಬೇಕು. 2025ರ ಸೆಪ್ಟೆಂಬರಿನಲ್ಲಿ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 18%ಕ್ಕೆ ಇಳಿದು, ಅದಕ್ಕಿಂತ ದೊಡ್ಡವಕ್ಕೆ 40% ಆಯಿತು. ಹಾಗಾಗಿ ಸುಮ್ಮನೆ ಸಿಸಿ ಹೆಚ್ಚಿಸಿಕೊಂಡರೆ ಜೇಬಿಗೂ ಏಟು.

ಕೊನೆಗೊಂದು ಮಾತು. ಟೆಸ್ಟ್ ರೈಡಿಗೆ ಹೋಗುವಾಗ ಹಿಂದೆ ಕೂರುವವರನ್ನೂ ಕರ್ಕೊಂಡು ಹೋಗಿ. ಅವರ ಸೊಂಟ ಬೇಡ ಅಂದ ಗಾಡಿ ಎಷ್ಟು ಸಿಸಿ ಇದ್ದರೇನು, ಆಗುಂಬೆ ಕಾಣಲ್ಲ, ಮನೆ ಮುಂದೆಯೇ ನಿಂತಿರತ್ತೆ :)