ಬೀಗರ ಹಾಡಿಗೆ ರೋಮಿನ ನೆಂಟಸ್ತಿಕಿ

ಇಂಗ್ಲಿಷಿನಾಗ ಫೆಸೆನ್ನೈನ್ ಅಂತ ಒಂದು ಶಬ್ದ ಐತಿ. ನಾಲಿಗಿ ತಿರುಗೂದ ಕಷ್ಟ, ಅರ್ಥ ಮಾತ್ರ ನಮಗೆಲ್ಲಾ ಗೊತ್ತಿದ್ದದ್ದ: ಮದುವಿ ಮನ್ಯಾಗ, ಸುಗ್ಗಿ ಕಾಲಕ್ಕ ಹಾಡೋ ಪೋಲಿ ಚ್ಯಾಷ್ಟಿ. ನಮ್ಮ ಬೀಗರ ಹಾಡ ಅನ್ರಿ.

ರೋಮಿನ ಉತ್ತರಕ್ಕ ಫೆಸೆನ್ನಿಯಾ ಅನ್ನೋ ಊರಿತ್ತು, ಅದರ ಹೆಸರ ಹಾಡಿಗೆ ನಿಂತಿತು ಅಂತ ಕೆಲವರು ಹೇಳ್ತಾರ. ಇನ್ನ ಕೆಲವರು ಲ್ಯಾಟಿನ್ನಿನ ಫ್ಯಾಸಿನಮ್ ಶಬ್ದ ತೋರಸ್ತಾರ. ಅಂದ್ರ ಮಾಟ, ದೃಷ್ಟಿ. ಈಗಿನ ಫ್ಯಾಸಿನೇಟ್ ಅನ್ನೋದೂ ಅದರ ಕುಲದ್ದ. ಈ ಎರಡೂ ಮಾತು ರೋಮಿನವರ ಕಾಲದಿಂದನ ಅದಾವು. ನನಗಂತೂ ಎರಡನೇದ ಹಿಡಸ್ತು. ಮದುಮಗಳ ಗಲ್ಲಕ್ಕ ನಾವು ಕಾಡಿಗಿ ಬೊಟ್ಟು ಇಡೂದಿಲ್ಲೇನು? ಹಂಗ ಸಂತೋಷದ ಮ್ಯಾಲೂ ಒಂದು ಬೈಗಳ. ಕ್ರಿ.ಪೂ. 46ರಾಗ ಜೂಲಿಯಸ್ ಸೀಸರ್ ಗೆದ್ದು ಮೆರವಣಿಗಿ ಹೊಂಟಾಗ, ಅವನ ಸಿಪಾಯಿಗಳ ಅವನ ಬೋಳತಲಿ, ಹೆಂಗಸರ ಹುಚ್ಚು ಎರಡನ್ನೂ ಹಾಡಿ ನಕ್ರಂತ. ಅಂಥಾ ಸೀಸರ್ರೂ ಕೇಳ್ಕೊಂಡು ಹೋಗಬೇಕಾತು.

ನಮ್ಮ ಕಡೆ ಬ್ಯಾಡಗಿಯಿಂದ ರಾಣೇಬೆನ್ನೂರಿಗೆ ದಿಬ್ಬಣ ಹೋತಂದ್ರ, ಊಟದ ಪಂಕ್ತ್ಯಾಗ ಬೀಗರ ಹೊಟ್ಟಿ, ಬೀಗತಿ ವೈಯಾರ, ರಾತ್ರಿ ಮಾತು, ಏನೂ ಬಿಡ್ತಿದ್ದಿಲ್ಲ. ಬೀಗತಿಗೆ ತಿರುಗಿ ಹಾಡೋ ಹಕ್ಕಿತ್ತು, ಸಿಟ್ಟಾಗೋ ಹಕ್ಕಿದ್ದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಇದ್ದಂಗ, ಬಣ್ಣ ಬಾಳ, ಖಾರ ಕಡಿಮಿ. ಆದ್ರ ಅದರಾಗ ಒಂದು ಕೆಲಸಾನೂ ಆಗ್ತಿತ್ತು. ಸೊಸಿಗೆ ಅತ್ತಿ ಮುಂದ ಬಾಯಿ ತೆಗೆಯಾಕ ಬರಲಾರದ ಕಾಲ ಅದು. ನಮ್ಮ ಹುಡುಗೀನ ಉಪವಾಸ ಕೆಡವಬ್ಯಾಡ್ರಿ, ಕೈ ಎತ್ತಬ್ಯಾಡ್ರಿ ಅನ್ನೋದನ್ನ ತವರಿನ ಹೆಂಗಸರು ನಗಿಯಾಗ ಸುತ್ತಿ ಬೀಗತಿ ಮಾರಿಗೇ ಹೇಳಿ ಬರ್ತಿದ್ರು.

ಗಂಡಸರ ಚ್ಯಾಷ್ಟಿಗೆ ಏನೂ ಧಕ್ಕಿ ಆಗಿಲ್ಲ ನೋಡ್ರಿ. ಹೋಳಿ ಬಂತಂದ್ರ ರಾಣೇಬೆನ್ನೂರಾಗ ಈಗಲೂ ಜೀವಂತ ರತಿ-ಕಾಮಣ್ಣನ್ನ ಕೂಡ್ರಿಸಿ, ನಗಿಸಿದವರಿಗೆ ಬಹುಮಾನ ಅಂತಾರ. ಪೇಪರಿನಾಗೂ ಬರ್ತೈತಿ. ನಮ್ಮ ಹಾಡಿಗೆ ಮಾತ್ರ ಹಲ್ಕಟ್ ಅಂತ ಹೆಸರಿಟ್ಟು, ಡಿಜೆ ಹಚ್ಚಿ ಬಾಯಿ ಮುಚ್ಚಿಸ್ಯಾರ.

ಹಲಸಂಗಿ ಗೆಳೆಯರು 1931ರಾಗ "ಗರತಿಯ ಹಾಡು" ಅಚ್ಚು ಹಾಕಿಸಿ ದೊಡ್ಡ ಉಪಕಾರ ಮಾಡಿದ್ರು. ಬೀಸೋ ಕಲ್ಲಿನ ಮುಂದಿನ ಹಾಡು ಪುಸ್ತಕ ಆದವು. ಬೀಗರ ಹಾಡು ಹಾಡಿದಾಕೀನೂ ಅದೇ ಗರತಿನ ಅಲ್ಲೇನ್ರಿ? ಮುಂಜಾನಿ ಬೀಸಕೋತ ಶಿವನ್ನ ನೆನೆದಾಕಿ ಸಂಜಿಕ ಬೀಗನ ಮೀಸಿ ಹಿಡದು ಎಳದ್ಲು, ಅಷ್ಟ.

ಜಾನಪದ ವಿಶ್ವವಿದ್ಯಾಲಯ ನಮ್ಮ ಹಾವೇರಿ ಜಿಲ್ಲಾದಾಗನ, ಗೊಟಗೋಡಿಯಾಗ ಐತಿ. ಅವರು ಬರೂತನಕ ಕಾಯಬ್ಯಾಡ್ರಿ. ಮನ್ಯಾಗ ಹಾಡು ಬಲ್ಲ ಅಜ್ಜಿ ಇದ್ರ ಮೊಬೈಲಿನಾಗ ತುಂಬಿಸಿ ಇಟ್ಕೊಳ್ರಿ. ಗಂಡಸರನ್ನ ಮೊದಲ ಹೊರಗ ಕಳಸ್ರಿ, ಇಲ್ಲಂದ್ರ ಆಕಿ ಬರೀ ದೇವರ ಹಾಡಷ್ಟ ಹೇಳ್ತಾಳ.