ಕಾರ್ಖಾನೆಯ ಬಾಗಿಲು ಕಾಯ್ದ ವೀರ

ಅತ್ಯುನ್ನತ ಶೌರ್ಯಪದಕ ಪಡೆದ ಯೋಧನು ಯುದ್ಧ ಮುಗಿದ ಮೇಲೆ ಏನು ಮಾಡುತ್ತಾನೆ? ಕಾವ್ಯಗಳಲ್ಲಾದರೆ ರಾಜ್ಯವಾಳುತ್ತಾನೆ, ಇಲ್ಲವೆ ವೀರಸ್ವರ್ಗ ಸೇರುತ್ತಾನೆ. ಇತಿಹಾಸದಲ್ಲಿ ಬಹುಮಟ್ಟಿಗೆ ಅವನು ಕೆಲಸ ಹುಡುಕಿಕೊಂಡು ಹೊರಡುತ್ತಾನೆ. ಇಂಗ್ಲೆಂಡಿನ ಹೆನ್ರಿ ಟ್ಯಾಂಡಿಯ ಬಾಳು ಇದಕ್ಕೊಂದು ನಿದರ್ಶನ.

ಟ್ಯಾಂಡಿ ಹುಟ್ಟಿದ್ದು 1891ರಲ್ಲಿ, ಲೆಮಿಂಗ್ಟನ್ ಎಂಬ ಊರಿನಲ್ಲಿ. ತಂದೆ ಕಲ್ಲುಕುಟಿಗ. ಬಾಲ್ಯದ ಕೆಲವು ದಿನಗಳು ಅನಾಥಾಲಯದಲ್ಲಿ ಕಳೆದುವು. ಹೋಟೆಲೊಂದರ ಬಾಯ್ಲರ್ ನೋಡಿಕೊಳ್ಳುತ್ತಿದ್ದ ತರುಣ 1910ರಲ್ಲಿ ಸೈನ್ಯಕ್ಕೆ ಸೇರಿದ. ಮೊದಲನೆಯ ಮಹಾಯುದ್ಧದಲ್ಲಿ ಮತ್ತೆ ಮತ್ತೆ ಗಾಯಗೊಂಡ; ಗುಣವಾದೊಡನೆ ರಣರಂಗಕ್ಕೆ ಹಿಂದಿರುಗಿದ.

1918ರ ಆಗಸ್ಟ್ 28ರಿಂದ ಸೆಪ್ಟೆಂಬರ್ 28ರವರೆಗಿನ ಒಂದೇ ತಿಂಗಳಲ್ಲಿ ಆತನ ಮೂರು ಸಾಹಸಗಳಿಗೆ ಮೂರು ಪದಕಗಳು ಸಂದುವು. ಕೊನೆಯದು ವಿಕ್ಟೋರಿಯಾ ಕ್ರಾಸ್. ಆ ದಿನ ಫ್ರಾನ್ಸಿನ ಮಾರ್ಕ್ವಾಂ ಬಳಿ ಮಷೀನ್‌ಗನ್ನಿನ ಗುಂಡುಗಳು ಆತನ ತುಕಡಿಯನ್ನು ತಡೆದು ನಿಲ್ಲಿಸಿದ್ದುವು. ಟ್ಯಾಂಡಿ ತೆವಳಿಕೊಂಡು ಹೋಗಿ ಅದರ ನೆಲೆಯನ್ನು ಕಂಡುಹಿಡಿದ. ಜೊತೆಗಾರರೊಡನೆ ಅದರ ಬಾಯಿ ಮುಚ್ಚಿಸಿದ. ಮುಂದೆ, ದಾಟುವೆಡೆಯಲ್ಲಿ ಮುರಿದಿದ್ದ ಹಲಗೆಯ ಸೇತುವೆಯನ್ನು ಗುಂಡಿನ ಮಳೆಯಲ್ಲೇ ಸರಿಪಡಿಸಿದ. ಸಂಜೆ ಶತ್ರುಗಳು ಸುತ್ತುಗಟ್ಟಿದಾಗ ಎಂಟು ಮಂದಿ ಸಂಗಡಿಗರೊಡನೆ ಬಯೊನೆಟ್ ಹಿಡಿದು ನುಗ್ಗಿದ. 37 ಮಂದಿ ಶತ್ರುಗಳು ಸೆರೆಸಿಕ್ಕಿದರು. ಎರಡು ಗಾಯಗಳಾಗಿದ್ದರೂ ಕಾಳಗ ಮುಗಿಯುವವರೆಗೆ ಆತ ಕದಲಲಿಲ್ಲ. ಆಗ ಆತನದು ಸಾಮಾನ್ಯ ಸಿಪಾಯಿಯ ದರ್ಜೆ.

1926ರಲ್ಲಿ ಟ್ಯಾಂಡಿ ಸೈನ್ಯವನ್ನು ಬಿಟ್ಟ. ಬಳಿಕ 38 ವರ್ಷಗಳ ಕಾಲ ಕವೆಂಟ್ರಿ ನಗರದ ಸ್ಟಾಂಡರ್ಡ್ ಮೋಟಾರ್ ಕಾರ್ಖಾನೆಯಲ್ಲಿ ಬಾಗಿಲ ಕಾವಲಿನ ಕೆಲಸ ಮಾಡಿದ. ನಮ್ಮ ಹಿರಿಯ ಓದುಗರಿಗೆ ನೆನಪಿರುವ, ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟಾಂಡರ್ಡ್ ಹೆರಾಲ್ಡ್ ಕಾರಿಗೆ ಹೆಸರು ಬಂದದ್ದು ಈ ಮನೆತನದಿಂದಲೇ.

ಇಂದು ಲೋಕಕ್ಕೆ ಟ್ಯಾಂಡಿಯ ಹೆಸರು ಗೊತ್ತಿರುವುದು ಬೇರೊಂದು ಕಥೆಯಿಂದ. ಗಾಯಗೊಂಡು ಎದುರಿಗೆ ಬಂದ ಜರ್ಮನ್ ಸೈನಿಕನೊಬ್ಬನನ್ನು ಆತ ಕೊಲ್ಲದೆ ಬಿಟ್ಟನಂತೆ. ಆ ಸೈನಿಕನೇ ಹಿಟ್ಲರನಂತೆ! ಕೇಳಲು ರೋಮಾಂಚಕ. ಆದರೆ ಇತಿಹಾಸವು 'ಅಂತೆ'ಗಳ ಮೇಲೆ ನಿಲ್ಲದು. ಮಾರ್ಕ್ವಾಂ ಕಾಳಗದ ವೇಳೆಗೆ ಹಿಟ್ಲರನ ದಳ ಅಲ್ಲಿಂದ ದೂರದಲ್ಲಿತ್ತೆಂದು ಸಂಶೋಧಕರು ತೋರಿಸಿದ್ದಾರೆ. ಹೀಗೆ ಮಾಡಿದ್ದೆಲ್ಲ ಮರೆಯಾಗಿ, ಮಾಡದಿರಬಹುದಾದುದೊಂದು ಆತನ ಹೆಸರಿಗೆ ಅಂಟಿಕೊಂಡಿತು. ಲೋಕದ ಅನರ್ಥಕ್ಕೆಲ್ಲ ಆತನ ಕರುಣೆಯೇ ಕಾರಣವೆಂಬಂತೆ ಆಡಿಕೊಂಡವರೂ ಉಂಟು. ಇದಕ್ಕಿಂತ ದೊಡ್ಡ ಅನ್ಯಾಯ ಯಾವುದು?

1977ರಲ್ಲಿ ಟ್ಯಾಂಡಿ ತೀರಿಕೊಂಡ. ಚಿತಾಭಸ್ಮವನ್ನು ಮಾರ್ಕ್ವಾಂನ ಸೈನಿಕ ಸ್ಮಶಾನದಲ್ಲಿ ಇರಿಸಿದರು. ಹಳೆಯ ಸಂಗಡಿಗರ ನಡುವೆ ಆತನಿಗೆ ಎಡೆ ದೊರೆಯಿತು.

ನಮ್ಮ ಊರುಗಳಲ್ಲೂ ಕಾರ್ಖಾನೆ, ಬ್ಯಾಂಕುಗಳ ಬಾಗಿಲಲ್ಲಿ ಮಾಜಿ ಸೈನಿಕರು ನಿಂತಿರುತ್ತಾರೆ. ದಿನವೂ ಅವರ ಮುಂದೆಯೇ ಹಾದುಹೋಗುತ್ತೇವೆ. ಓದುಗರೇ, ಒಮ್ಮೆ ನಿಂತು, ಅವರು ಯಾವ ದಳದಲ್ಲಿದ್ದರು, ಎಲ್ಲೆಲ್ಲಿ ಕಾದಿದರು ಎಂದು ಕೇಳಿರಿ. ಅವರು ಹೇಳಿದುದನ್ನು ಬರೆದಿಡಿರಿ. ಬರೆದಿಡದಿದ್ದರೆ ಆ ಜಾಗದಲ್ಲಿ ಕಟ್ಟುಕಥೆ ಬಂದು ಕೂಡುತ್ತದೆ.